ಬಿಪಿಗೆ ಸಾಲು ನಿಂತವರು ಎದೆ ಪರೀಕ್ಷೆಗೆ ಯಾಕೆ ಬರಲಿಲ್ಲ?

ಪ್ರಶ್ನೆ: ಒಕ್ಕೂಟದ ಎಂಬಿಕೆ, ಅರಸೀಕೆರೆ ಕಡೆ

ಎಲ್ಲರಿಗೂ ನಮಸ್ಕಾರ. ನಾನು ಸಂಜೀವಿನಿ ಒಕ್ಕೂಟದಲ್ಲಿ, ಅಂದರೆ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದಲ್ಲಿ, ಎಂಬಿಕೆ (ಮುಖ್ಯ ಲೆಕ್ಕ ಬರಹಗಾರ್ತಿ). ಸಂಘಗಳ ಲೆಕ್ಕ ಬರೆಯೋದು, ಸಾಲದ ಕಂತು ನೋಡೋದು, ಮೀಟಿಂಗಿಗೆ ಜನ ಸೇರಿಸೋದು ನನ್ನ ಕೆಲಸ. ಜನ ಸೇರಿಸೋದರಲ್ಲಿ ನನಗೆ ತಕ್ಕಮಟ್ಟಿಗೆ ಹೆಸರಿದೆ. ಅದಕ್ಕೇ ಈ ವಿಷಯ ತಲೆ ತಿನ್ನುತ್ತಿದೆ.

ಅಕ್ಟೋಬರಿನಲ್ಲಿ ನಮ್ಮ ಪಂಚಾಯ್ತಿಯಲ್ಲಿ ಆರೋಗ್ಯ ಶಿಬಿರ ನಡೆಯಿತು. ಹೊರಗಿನಿಂದ ಒಂದು ತಂಡ ಬಂದಿತ್ತು. ಬಿಪಿ, ಶುಗರ್, ಕಣ್ಣು, ಜೊತೆಗೆ ಸ್ತನ ಕ್ಯಾನ್ಸರ್ ತಪಾಸಣೆ. ಎಲ್ಲಾ ಫ್ರೀ. ಬಿಪಿ ಟೇಬಲ್ಲಿನ ಸಾಲು ಅರಳಿಕಟ್ಟೆ ದಾಟಿತ್ತು. ಶುಗರಿಗೆ ಬೆರಳು ಚುಚ್ಚಿಸಿಕೊಳ್ಳೋಕೆ ನೂಕಾಟ. ಕನ್ನಡಕ ಕೊಡ್ತಾರಂತೆ ಅಂತ ಯಾರೋ ಹಬ್ಬಿಸಿದ್ದರಿಂದ ಕಣ್ಣಿನ ಡಾಕ್ಟರ ಹತ್ತಿರ ಪಕ್ಕದೂರಿನವರೂ ಬಂದರು. ಎದೆ ಪರೀಕ್ಷೆ ಕೋಣೆಯಲ್ಲಿ ಮಾತ್ರ ನರ್ಸಮ್ಮ ಮಧ್ಯಾಹ್ನದವರೆಗೂ ಫೋನು ನೋಡ್ತಾ ಕೂತಿದ್ದರು. ಒಳಗೆ ಹೋದವರು ಅಂದರೆ ಅಂಗನವಾಡಿ ಟೀಚರ್, ಒಬ್ಬ ಪಂಚಾಯ್ತಿ ಮೆಂಬರ್, ನಾನು, ಮತ್ತೊಬ್ಬ ಅಜ್ಜಿ. ಅಜ್ಜಿ ಅದು ಹಾರ್ಟಿನ ಪರೀಕ್ಷೆ ಅಂದುಕೊಂಡು ಹೋಗಿದ್ದು!

ಆ ಕೋಣೆ ಹೇಗಿತ್ತು ಅಂತ ಹೇಳಿಬಿಡ್ತೀನಿ. ಅದು ನಮ್ಮ ಪಂಚಾಯ್ತಿ ಲೈಬ್ರರಿ. ಬಾಗಿಲು ನೇರ ಹಾಲ್‌ಗೆ ತೆರೆದುಕೊಳ್ಳುತ್ತೆ. ಚಿಲಕ ಕೂರಲ್ಲ, ಒಳಗಿನಿಂದ ಕುರ್ಚಿ ಒತ್ತಿ ಇಡಬೇಕು. ರಸ್ತೆ ಕಡೆ ಕಿಟಕಿಗೆ ಪೇಪರ್ ಅಂಟಿಸಿದ್ದರು, ಎದುರಿಗೇ ಟೀ ಅಂಗಡಿ. ಇನ್ನೊಂದು ಕಡೆ ಒಬ್ಬ ಹುಡುಗ ಮೈಕ್ ಹಿಡಿದು, "ಸ್ತನ ಪರೀಕ್ಷೆ ಮಾಡಿಸಿಕೊಳ್ಳುವ ತಾಯಂದಿರು ಬಲಗಡೆ ಕೋಣೆಗೆ ಬರಬೇಕಾಗಿ ವಿನಂತಿ" ಅಂತ ಬಸ್‌ಸ್ಟ್ಯಾಂಡಿಗೂ ಕೇಳೋ ಹಾಗೆ ಕೂಗುತ್ತಿದ್ದ. ಒಬ್ಬರು ಎದ್ದು ಬಲಗಡೆ ನಡೆದರೆ ಇಡೀ ಊರಿಗೆ ಗೊತ್ತಾಗುತ್ತೆ.

ಸಂಜೆ ಸಾಮಾನು ಕಟ್ಟುವಾಗ ತಂಡದ ಮುಖ್ಯಸ್ಥರು, "ಹಳ್ಳಿ ಹೆಂಗಸರಿಗೆ ತಿಳುವಳಿಕೆ ಇಲ್ಲಮ್ಮ, ಏನು ಮಾಡೋದು" ಅಂದರು. ನನಗೆ ಚುರುಕ್ ಅಂತು. ಇದೇ ಹೆಂಗಸರು ಲಕ್ಷಗಟ್ಟಲೆ ಸಾಲ ತಗೊಂಡು ಒಂದು ಕಂತೂ ತಪ್ಪಿಸದೆ ಕಟ್ಟಿದವರು. ಹಸು ಯಾವಾಗ ಬೆದೆಗೆ ಬರುತ್ತೆ, ಕೆಚ್ಚಲು ಬಾವು ಬಂದರೆ ಯಾವ ಡಾಕ್ಟರಿಗೆ ಫೋನ್ ಮಾಡಬೇಕು ಅಂತ ಬಾಯಿಪಾಠ ಇರೋರು.

ಆಮೇಲೆ ಸಂಘದ ಮೀಟಿಂಗಲ್ಲಿ ಒಬ್ಬೊಬ್ಬರನ್ನೇ ಕೇಳಿದೆ. "ನಂಗೇನು ನೋವಿಲ್ವಲ್ಲ." "ಗಂಟು ಸಿಕ್ಕಿಬಿಟ್ರೆ? ಆಮೇಲೆ ಯಾರು ನೋಡ್ತಾರೆ?" "ಮಗಳಿಗೆ ಗಂಡು ನೋಡ್ತಾ ಇದೀವಿ, ಈಗ ಬೇಡ." "ನಮ್ಮನೆಯೋರನ್ನ ಕೇಳಿಲ್ಲ." "ಡೈರಿಗೆ ಹಾಲು ಹಾಕೋ ಹೊತ್ತಾಗಿತ್ತು." ಎಲ್ಲರೂ ಹೋದ ಮೇಲೆ ಒಬ್ಬಳು ಪಾಸ್‌ಬುಕ್ ತಗೊಳ್ಳೋ ನೆಪದಲ್ಲಿ ಹಿಂದೆ ಉಳಿದಳು. "ಅಕ್ಕಾ, ಒಳಗಿನ ಬಟ್ಟೆ ಹರಿದಿತ್ತು. ಆ ನರ್ಸಮ್ಮನ ಮುಂದೆ ಹೆಂಗೆ ಬಿಚ್ಚಲಿ?" ಅಂದಳು. ಯಾವ ಪೋಸ್ಟರಿನಲ್ಲೂ ಈ ಕಾರಣ ನಾನು ಓದಿಲ್ಲ.

ಇದರಲ್ಲಿ ಯಾವುದು ನಿಜವಾದ ಕಾರಣ, ಯಾವುದು ನೆಪ? ನಿಮ್ಮ ಕಡೆ ಹೆಂಗಸರು ಬಂದಿದ್ದರೆ, ಏನು ಮಾಡಿದ್ದಕ್ಕೆ ಬಂದರು? ಮುಂದಿನ ಸಲ ಶಿಬಿರ ಮಾಡೋದಾದರೆ ನಾವೇ ನಿಂತು ಮಾಡಿಸಬೇಕು ಅಂತಿದೆ.

ಉತ್ತರ: ಸಬ್‌ಸೆಂಟರ್ ಸಿಎಚ್‌ಒ, ಹಾವೇರಿ ಜಿಲ್ಲೆ

ಅಕ್ಕಾರ, ಮೈಕಿನ ಹುಡುಗನ ಕಥೆ ಓದಿ ನಗುನೂ ಬಂತು, ಹೊಟ್ಟೆನೂ ಉರೀತು. ನಾನು ಸಮುದಾಯ ಆರೋಗ್ಯ ಅಧಿಕಾರಿ. ಈ ಪರೀಕ್ಷೆ ನನ್ನ ದಿನದ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಕಾಗದದ ಮೇಲೆ ಏನಿದೆ ನೋಡಿ. 2016ರಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ತಂದಿತು. 30ರಿಂದ 65 ವರ್ಷದ ಹೆಂಗಸರಿಗೆ ಬಾಯಿ, ಸ್ತನ, ಗರ್ಭಕೊರಳು, ಈ ಮೂರು ಕ್ಯಾನ್ಸರಿನ ತಪಾಸಣೆ ಐದು ವರ್ಷಕ್ಕೊಮ್ಮೆ ಆಗಬೇಕು. ಸ್ತನಕ್ಕೆ ಮೆಷಿನ್ ಬೇಕಿಲ್ಲ, ತರಬೇತಿ ಆದವರು ಕೈಯಿಂದ ನೋಡಿದರೆ ಸಾಕು. ಅಂದರೆ ಈ ಪರೀಕ್ಷೆ ಊರಿನಲ್ಲೇ ಸಿಗಬೇಕಾದದ್ದು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದವರನ್ನು ಕೇಳಿದಾಗ, ದೇಶದಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ಶೇಕಡಾ 0.9. ನೂರಕ್ಕೆ ಒಬ್ಬರೂ ಇಲ್ಲ. ನಿಮ್ಮ ಊರಿನವರು ಬೇರೆ ಥರ ಏನಲ್ಲ.

ಎಲ್ಲಿ ಸೋರುತ್ತೆ ಅಂತ ಹೇಳ್ತೀನಿ. ಆಶಾ ಅಕ್ಕಾರು ಮನೆಮನೆಗೆ ಹೋಗಿ, ಯಾರಿಗೆ ಯಾವ ರೋಗದ ಅಪಾಯ ಇದೆ ಅಂತ ಕೇಳೋ ಸಿಬ್ಯಾಕ್ ಫಾರ್ಮ್ ತುಂಬುತ್ತಾರೆ. ಒಂದು ಫಾರ್ಮಿಗೆ ಅವರಿಗೆ ಸಿಗೋದು 10 ರೂಪಾಯಿ. ಎದೆಯಲ್ಲಿ ಗಂಟು ಇದೆಯಾ, ತೊಟ್ಟಿನಿಂದ ರಕ್ತ ಬರುತ್ತಾ, ಆಕಾರ ಬದಲಾಗಿದೆಯಾ ಅಂತ ಅದರಲ್ಲಿ ಪ್ರಶ್ನೆ ಇವೆ. ಕೇಳೋದು ಎಲ್ಲಿ? ಅಂಗಳದಲ್ಲಿ. ಅತ್ತೆ ಅಲ್ಲೇ ಕಾಳು ಆರಿಸ್ತಾ ಕೂತಿರ್ತಾಳೆ, ಮೈದುನ ಬೈಕ್ ಒರೆಸ್ತಾ ಇರ್ತಾನೆ. ಸೊಸೆ ಏನು ಹೇಳ್ತಾಳೆ? ಎಲ್ಲದಕ್ಕೂ "ಇಲ್ಲ". ಫಾರ್ಮಿನ ಮೇಲೆ ಊರಿಗೆ ಊರೇ ಆರೋಗ್ಯವಂತರು.

ನಾನು ಕಂಡುಕೊಂಡ ದಾರಿ ಇಷ್ಟೇ. ಎದೆ ಪರೀಕ್ಷೆಗೆ ಬನ್ನಿ ಅಂತ ಯಾರನ್ನೂ ಕರೆಯೋದಿಲ್ಲ. ಬಿಪಿ ಗುಳಿಗೆ ತಗೊಳ್ಳೋಕೆ ತಿಂಗಳಿಗೊಮ್ಮೆ ಹೇಗೂ ಬರ್ತಾರೆ. ಬಿಪಿ ನೋಡ್ತೀನಿ, ಗುಳಿಗೆ ಕೊಡ್ತೀನಿ, ಮನೆ ಸುದ್ದಿ ಕೇಳ್ತೀನಿ. ಆಮೇಲೆ, "ಅಕ್ಕಾರ, ಇವತ್ತು ಎದೆನೂ ನೋಡಿಬಿಡ್ತೀನಿ, ಎರಡು ನಿಮಿಷ" ಅಂತೀನಿ. ಬಾಗಿಲು ಹಾಕಿ ಪರದೆ ಎಳೀತೀನಿ. ಆಶಾ ಅಕ್ಕ ಹೊರಗೆ ಕೂತಿರ್ತಾರೆ, ಯಾರನ್ನೂ ಬಿಡೋದಿಲ್ಲ. ಪೂರ್ತಿ ಬಿಚ್ಚೋದು ಬೇಕಿಲ್ಲ. ಒಂದು ಕಡೆ ನೋಡುವಾಗ ಇನ್ನೊಂದು ಕಡೆ ಸೆರಗು ಮುಚ್ಚಿಕೊಳ್ಳಲಿ. ಹರಿದ ಬಟ್ಟೆ ವಿಷಯ ನನಗೂ ಗೊತ್ತು. ಅದಕ್ಕೆ ನಾನು ಕೈ ತೊಳೆಯೋ ನೆಪದಲ್ಲಿ ಆ ಕಡೆ ತಿರುಗ್ತೀನಿ, ಅಷ್ಟರಲ್ಲಿ ಅವರು ತೆಗೆದು ಸೀರೆ ಕೆಳಗೆ ಮುಚ್ಚಿಟ್ಟುಕೊಂಡಿರ್ತಾರೆ. ಮೂರು ಬೆರಳಿನ ಮೆತ್ತಗಿನ ಭಾಗದಿಂದ ಸುತ್ತ ಒತ್ತಿ ನೋಡೋದು, ಕಂಕುಳ ನೋಡೋದು, ಮುಗೀತು.

ಇನ್ನೊಂದು ವಿಷಯ. ಊರಲ್ಲಿ ಮೊದಲು ಅತ್ತೆಯನ್ನು ನೋಡಬೇಕು. ಅತ್ತೆ ಒಳಗೆ ಹೋಗಿ ಬಂದರೆ ಸೊಸೆ ತಾನಾಗೇ ಬರ್ತಾಳೆ. ಸೊಸೆಯನ್ನು ಮೊದಲು ಕರೆದರೆ ಇಬ್ಬರೂ ಬರೋದಿಲ್ಲ. ಇಲಾಖೆಯ ತರಬೇತಿಯಲ್ಲಿ ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕೈಯಿಂದ ನೋಡೋದರಿಂದ ಏನು ಸಿಗುತ್ತೆ ಅಂತ ಕೆಲವರು ಮೂಗು ಮುರೀತಾರೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿ ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರ ಮೇಲೆ ಇಪ್ಪತ್ತು ವರ್ಷ ಅಧ್ಯಯನ ನಡೆಸಿದರು. ಎರಡು ವರ್ಷಕ್ಕೊಮ್ಮೆ ಕೈಯಿಂದ ನೋಡಿದ್ದು ಡಾಕ್ಟರಲ್ಲ, ನಮ್ಮಂಥ ಆರೋಗ್ಯ ಕಾರ್ಯಕರ್ತೆಯರು. 2021ರಲ್ಲಿ ಫಲಿತಾಂಶ ಬಂತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಹತ್ತಿರ ಹತ್ತಿರ ಶೇಕಡಾ 30 ಕಡಿಮೆ ಆಗಿತ್ತು. 50ರ ಒಳಗಿನವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ರೋಗ ಬೇಗನೇ ಕಣ್ಣಿಗೆ ಬೀಳುತ್ತಿತ್ತು.

"ಗಂಟು ಸಿಕ್ಕರೆ ಯಾರು ನೋಡ್ತಾರೆ" ಅಂದವಳ ಮಾತನ್ನು ಮಾತ್ರ ನೆಪ ಅನ್ನಬೇಡಿ. ಎಲ್ಲಕ್ಕಿಂತ ದೊಡ್ಡ ಕಾರಣ ಅದೇ. ಒಬ್ಬಳನ್ನು ತಾಲ್ಲೂಕಿಗೆ ಕಳಿಸಿದೆ. ಅಲ್ಲಿ ಅವತ್ತು ಸರ್ಜನ್ ಇರಲಿಲ್ಲ, ನಾಳೆ ಬಾ ಅಂದರು. ನಾಳೆ ಹೋದರೆ ಸ್ಕ್ಯಾನಿಂಗಿಗೆ ಜಿಲ್ಲೆಗೆ ಅಂದರು. ಅವಳು ವಾಪಸ್ ಬಂದು ಇಡೀ ಓಣಿಗೆ ಹೇಳಿದಳು. ಆ ಓಣಿಯಿಂದ ಆಮೇಲೆ ಬಹಳ ದಿನ ಯಾರೂ ಬರಲಿಲ್ಲ. ಈಗ ನಾನು ಫೋನ್ ಮಾಡಿ, ಸರ್ಜನ್ ಇದ್ದಾರೆ ಅಂತ ಖಾತ್ರಿ ಮಾಡಿಕೊಂಡೇ ಚೀಟಿ ಬರೆಯೋದು.

ಉತ್ತರ: ಎಕ್ಸ್‌ರೇ ವಿಭಾಗದವಳು, ಬೆಂಗಳೂರು

ನಾನು ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ, ತೆಗೆಯೋ ಟೆಕ್ನಿಷಿಯನ್. ಊರಿನ ಕಥೆ ಸಿಎಚ್‌ಒ ಮೇಡಂ ಚೆನ್ನಾಗಿ ಹೇಳಿದ್ದಾರೆ. ಸಿಟಿಯಲ್ಲಿ ಏನೋ ಬೇರೆ ಅಂದುಕೊಳ್ಳಬೇಡಿ.

ನಮ್ಮ ಕೋಣೆಗೆ ಬರೋರು ಯಾರು? ಒಂದು, ಗಂಟು ಕೈಗೆ ಸಿಕ್ಕಿ ಹೆದರಿಕೊಂಡೇ ಬರೋರು. ಎರಡು, ಆಫೀಸಿನ ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಸೇರಿದೆ ಅಂತ ಬರೋರು. ಮೂರು, ಡಾಕ್ಟರ್ ಚೀಟಿ ಬರೆದುಕೊಟ್ಟಿದ್ದಕ್ಕೆ ಬರೋರು. ತಾವಾಗೇ ಯೋಚಿಸಿ ಬರೋರು ಬೆರಳೆಣಿಕೆ. ಕೇಳಿ ನೋಡಿ, "ಯಾರೂ ಮಾಡಿಸಿ ಅಂತ ಹೇಳಿರಲಿಲ್ಲ" ಅಂತಾರೆ. ಹೆರಿಗೆ ಆಗೋವರೆಗೂ ಹೆಂಗಸರ ಡಾಕ್ಟರ ಹತ್ತಿರ ಹೋಗಿ ಬಂದು ಮಾಡ್ತಾರೆ. ಆಪರೇಷನ್ ಆಯ್ತು, ಮಕ್ಕಳು ದೊಡ್ಡವರಾದರು, ಅಲ್ಲಿಗೆ ಮುಗೀತು. ಈ ರೋಗಕ್ಕೆ ಹೆದರಬೇಕಾದ ವಯಸ್ಸಿನಲ್ಲಿ ಅವರು ಹೋಗೋದು ಮಂಡಿ ನೋವಿನ ಡಾಕ್ಟರ್, ಶುಗರ್ ಡಾಕ್ಟರ್ ಹತ್ತಿರ. ಆ ಡಾಕ್ಟರು ಒಂದು ಮಾತು ಹೇಳಿದರೆ ಅರ್ಧ ಜನ ಬರ್ತಾರೆ ಅಂತ ನನ್ನ ಅನಿಸಿಕೆ.

ಇನ್ನು ಯಾರೂ ಹೇಳದ ಒಂದು ವಿಷಯ. ತಾಳಿ. ಕುತ್ತಿಗೆಯಲ್ಲಿ ಸರ ಇದ್ದರೆ ಫಿಲ್ಮಿನಲ್ಲಿ ಬರುತ್ತೆ, ತೆಗೀರಿ ಅನ್ನಬೇಕಾಗುತ್ತೆ. ಬಟ್ಟೆ ತೆಗೆಯೋಕೆ ಸಂಕೋಚ ಪಟ್ಟರೂ ತೆಗೆದವರು, ತಾಳಿ ತೆಗೀರಿ ಅಂದ ತಕ್ಷಣ ಬಟ್ಟೆ ಹಾಕಿಕೊಂಡು ಎದ್ದು ಹೋಗಿದ್ದಾರೆ. ಕ್ಯಾನ್ಸರ್ ಪರೀಕ್ಷೆಗೆ ಬಂದ ಜಾಗದಲ್ಲಿ ತಾಳಿ ತೆಗೆಯೋದು ಅಂದರೆ ಅವರಿಗೆ ಹೇಗಾಗುತ್ತೆ ಯೋಚಿಸಿ. ನಮ್ಮಲ್ಲಿ ಹಿಂದೆ ಇದ್ದ ಒಬ್ಬರು ಇದಕ್ಕೆ ಗದರುತ್ತಿದ್ದರು. ನಾನು ಬೆನ್ನ ಹಿಂದಕ್ಕೆ ತಿರುಗಿಸಿ, ಮೇಲಕ್ಕೆತ್ತಿ ಬ್ಲೌಸಿನ ಪಿನ್ನಿನಿಂದ ಗೌನಿಗೆ ಸಿಕ್ಕಿಸ್ತೀನಿ. ಕುತ್ತಿಗೆಯಲ್ಲೇ ಇರುತ್ತೆ, ಫಿಲ್ಮಿಗೂ ಅಡ್ಡ ಬರಲ್ಲ.

ನೋವಾಗುತ್ತಾ? ಆಗುತ್ತೆ, ಸುಳ್ಳು ಹೇಳಲ್ಲ. ಎರಡು ಪ್ಲೇಟಿನ ನಡುವೆ ಒತ್ತಿ ಹಿಡಿಯುತ್ತೆ, ಕೆಲವು ಸೆಕೆಂಡು. ಒಂದೊಂದು ಕಡೆ ಎರಡೆರಡು ಚಿತ್ರ. ಮುಟ್ಟು ಬರೋರು ಮುಟ್ಟು ಮುಗಿದ ವಾರದಲ್ಲಿ ಬಂದರೆ ನೋವು ಕಡಿಮೆ. ಮಾಡಿಸಿಕೊಳ್ಳದವರು ಹೇಳೋ ನೋವಿನ ಕಥೆ ಮಾಡಿಸಿಕೊಂಡವರ ಮಾತಿಗಿಂತ ಜಾಸ್ತಿ ಊರೂರು ಸುತ್ತುತ್ತೆ. ಕಿರಣದಿಂದಲೇ ಕ್ಯಾನ್ಸರ್ ಬರುತ್ತೆ ಅಂತ ವಾಟ್ಸಾಪಿನಲ್ಲಿ ಓದಿ ಬರ್ತಾರೆ. ಒಂದು ಸಲದ ಮ್ಯಾಮೊಗ್ರಾಮಿನಲ್ಲಿ ಬೀಳೋ ಕಿರಣ ಸುಮಾರು 0.4 ಮಿಲಿಸೀವರ್ಟ್. ಮಣ್ಣು, ಕಲ್ಲು, ಆಕಾಶದಿಂದ ಏಳು ವಾರದಲ್ಲಿ ಹೇಗೂ ನಮ್ಮ ಮೈಗೆ ಬೀಳೋದೂ ಅಷ್ಟೇ.

ಉತ್ತರ: ಸುಮ್ನೆ ಕೇಳ್ತಿದೀನಿ

ಎಲ್ಲರೂ ಬೈಬೇಡಿ. ನನ್ನ ಹೆಂಡತಿಗೆ 36. ಒಂದು ಖಾಸಗಿ ಕಡೆ ಪ್ಯಾಕೇಜಿನಲ್ಲಿ ಮ್ಯಾಮೊಗ್ರಾಮ್ ಮಾಡಿದರು. ಏನೋ ಕಾಣ್ತಿದೆ, ಮತ್ತೆ ಬನ್ನಿ ಅಂದರು. ಸ್ಕ್ಯಾನಿಂಗ್, ಸೂಜಿ ಪರೀಕ್ಷೆ, ರಿಪೋರ್ಟ್ ಬರೋವರೆಗೆ ಅವಳು ಊಟ ಬಿಟ್ಟಳು. ಕೊನೆಗೆ ಏನೂ ಇಲ್ಲ. ದುಡ್ಡೂ ಹೋಯ್ತು, ನಿದ್ದೆನೂ ಹೋಯ್ತು. ಈಗ ನಾನೇ ನಮ್ಮ ಅಕ್ಕನಿಗೆ ಬೇಡ ಅಂತ ಹೇಳಿದೀನಿ. ಮನೇಲೇ ತಿಂಗಳಿಗೊಂದು ಸಲ ತಾವೇ ಮುಟ್ಟಿ ನೋಡಿಕೊಂಡರೆ ಸಾಕಲ್ವಾ? ಇದೆಲ್ಲ ಬಿಸಿನೆಸ್ ಅನ್ಸುತ್ತೆ.

ಉತ್ತರ: ಎಕ್ಸ್‌ರೇ ವಿಭಾಗದವಳು, ಬೆಂಗಳೂರು

ಬೈಯಲ್ಲ ಸರ್. ನೀವು ಹೇಳಿದ್ದರಲ್ಲಿ ಅರ್ಧ ನಿಜ. ಲಕ್ಷಣ ಇಲ್ಲದ, ಮನೆತನದಲ್ಲೂ ರೋಗ ಇಲ್ಲದ 36ರ ಹೆಂಗಸಿಗೆ ಪ್ಯಾಕೇಜಿನಲ್ಲಿ ಮ್ಯಾಮೊಗ್ರಾಮ್ ಹಾಕೋದು ನನಗೂ ಸರಿ ಅನ್ಸಲ್ಲ. ಆ ವಯಸ್ಸಲ್ಲಿ ಸ್ತನ ಗಟ್ಟಿ ಇರುತ್ತೆ, ಫಿಲ್ಮು ಬೆಳ್ಳಗೆ ಬರುತ್ತೆ, ಏನೂ ಸರಿಯಾಗಿ ಕಾಣಲ್ಲ. ಸುಳ್ಳು ಗಾಬರಿ ಜಾಸ್ತಿ. ಮತ್ತೆ ಬನ್ನಿ ಅಂತ ಕರೆದವರಲ್ಲಿ ಬಹಳ ಜನಕ್ಕೆ ಏನೂ ಇರಲ್ಲ. ಇದನ್ನು ಮೊದಲೇ ಹೇಳಿ ಕಳಿಸಿದ್ದರೆ ನಿಮ್ಮ ಮನೆಯವರು ಊಟ ಬಿಡುತ್ತಿರಲಿಲ್ಲ. ಹೇಳದೇ ಕಳಿಸಿದ್ದಕ್ಕೆ ಈಗ ನಿಮ್ಮ ಅಕ್ಕನೂ ಹೋಗ್ತಿಲ್ಲ ನೋಡಿ. ಅವರ ವಯಸ್ಸೆಷ್ಟು? ಐವತ್ತರ ಆಸುಪಾಸಾದರೆ ಬೇಡ ಅನ್ನಬೇಡಿ. ಅಮೆರಿಕದಲ್ಲಿ 2024ರಿಂದ 40ಕ್ಕೇ ಶುರು ಮಾಡಿ, ಎರಡು ವರ್ಷಕ್ಕೊಮ್ಮೆ ಅಂತ ಸಲಹೆ ಇದೆ.

ಮನೇಲೇ ನೋಡಿಕೊಳ್ಳೋದರ ಬಗ್ಗೆ: ಚೀನಾದ ಶಾಂಘೈನಲ್ಲಿ ಬಟ್ಟೆ ಮಿಲ್ಲುಗಳ ಎರಡೂವರೆ ಲಕ್ಷಕ್ಕೂ ಜಾಸ್ತಿ ಹೆಂಗಸರ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ದರು. ಅರ್ಧ ಜನಕ್ಕೆ ತಾವೇ ನೋಡಿಕೊಳ್ಳೋದು ಕಲಿಸಿದರು. 2002ರಲ್ಲಿ ಬಂದ ಫಲಿತಾಂಶದ ಪ್ರಕಾರ ಸಾವು ಕಡಿಮೆ ಆಗಲಿಲ್ಲ, ಸುಮ್ಮನೆ ಬಯಾಪ್ಸಿ (ಗಂಟಿನ ತುಣುಕು ತೆಗೆದು ನೋಡೋ ಪರೀಕ್ಷೆ) ಜಾಸ್ತಿ ಆಯ್ತು. ಹಾಗಂತ ಗೊತ್ತೇ ಮಾಡಿಕೊಳ್ಳಬೇಡಿ ಅಂತಲ್ಲ. ಹೊಸ ಗಂಟು, ಚರ್ಮ ಒಳಗೆಳೆದ ಹಾಗೆ ಆಗೋದು, ತೊಟ್ಟು ಒಳಗೆ ಹೋಗೋದು, ರಕ್ತ, ಇವು ಕಂಡ ದಿನವೇ ತೋರಿಸಬೇಕು. ಆದರೆ ನುರಿತ ಕೈ ನೋಡೋದು ಬೇರೆ, ನಾವು ಸ್ನಾನದ ಮನೇಲಿ ಹೆದರಿಕೊಂಡು ಮುಟ್ಟಿ ನೋಡೋದು ಬೇರೆ.

ಉತ್ತರ: ಬ್ಲೌಸ್ ಟೈಲರ್, ಶಿವಮೊಗ್ಗ

ನನಗೆ ಈ ರೋಗ ಆಗಿತ್ತು. ಈಗ 58. ಎಡಗಡೆ ಪೂರ್ತಿ ತೆಗೆದಿದ್ದಾರೆ.

ನನಗೆ ಗಂಟು ಗೊತ್ತಿತ್ತು ತಾಯಿ. ನಿಮ್ಮ ಸಂಘದವಳು ಹೇಳಿದಳಲ್ಲ, ಮಗಳಿಗೆ ಗಂಡು ನೋಡ್ತಾ ಇದೀವಿ ಅಂತ, ಅದನ್ನು ನೆಪ ಅಂತ ಬರೀಬೇಡಿ. ನಮ್ಮ ಮನೇಲಿ ನಿಶ್ಚಿತಾರ್ಥ ಆಗಿತ್ತು. ತಾಯಿಗೆ ಎದೆ ಕ್ಯಾನ್ಸರ್ ಅಂದರೆ ಬೀಗರ ಮನೆಯವರು ಮಗಳನ್ನು ಹೇಗೆ ನೋಡ್ತಾರೆ? ಮದುವೆ ಮುಗೀಲಿ ಅಂದುಕೊಂಡೆ. ಮದುವೆ ಮುಗೀತು, ಆಮೇಲೆ ಮೊದಲ ಗೌರಿ ಹಬ್ಬಕ್ಕೆ ಮಗಳು ಅಳಿಯ ಬರ್ತಾರೆ ಅಂತ ಮುಂದೆ ಹಾಕಿದೆ. ನೋವಿದ್ದಿದ್ದರೆ ಓಡಿ ಹೋಗ್ತಿದ್ದೆ. ನೋವೇ ಇರಲಿಲ್ಲ. ಬಟಾಣಿ ಕಾಳಿನ ಹಾಗೆ ಇತ್ತು, ಸುಮ್ನೆ ಅಲ್ಲಿ ಕೂತಿತ್ತು.

ಆಮೇಲೆ ಡಾಕ್ಟರಮ್ಮ ಹೇಳಿದರು, ಮನೆತನದಿಂದ ಬರೋದು ನೂರಕ್ಕೆ ಐದೋ ಹತ್ತೋ ಜನಕ್ಕೆ ಮಾತ್ರ ಅಂತ. ಆ ಮಾತು ನಿಶ್ಚಿತಾರ್ಥಕ್ಕೆ ಮುಂಚೆ ನನಗೆ ಯಾರಾದರೂ ಹೇಳಿದ್ದರೆ!

ಖರ್ಚಿನ ವಿಷಯ ಹೇಳ್ತೀನಿ, ಜನಕ್ಕೆ ಇದೇ ಗೊತ್ತಿಲ್ಲ. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ರೆಫರಲ್ ಚೀಟಿ ತಗೊಂಡು ದೊಡ್ಡ ಆಸ್ಪತ್ರೆಗೆ ಹೋಗಬೇಕು. ನೇರ ಖಾಸಗಿಗೆ ಹೋಗಿ ದುಡ್ಡು ಸುರಿದು ಆಮೇಲೆ ಕಾರ್ಡು ತೋರಿಸಿದರೆ ನಡೆಯಲ್ಲ. ಹಾಗೆ ಹಾಳಾದವರನ್ನು ಕೀಮೋ ವಾರ್ಡಿನಲ್ಲಿ ಕಣ್ಣಾರೆ ನೋಡಿದೀನಿ.

ನಾನು ಈಗ ಅಂಗಡಿಯಲ್ಲಿ ಯಾರಿಗೂ ಮುಚ್ಚಿಡಲ್ಲ. ಅಳತೆ ತಗೊಳ್ಳುವಾಗ ಹೆಂಗಸರು ನನ್ನ ಹತ್ತಿರ ಏನು ಬೇಕಾದರೂ ಮಾತಾಡ್ತಾರೆ. ಅಲ್ಲಿ ಗಂಡಸರು ಬರಲ್ಲ, ಪರದೆ ಇದೆ, ಟೇಪು ಹಿಡಿದು ನಾನು ಹೇಗೂ ಹತ್ತಿರ ನಿಂತಿರ್ತೀನಿ. ಒಬ್ಬರು ಬಂದು, "ಬ್ಲೌಸು ಬಲಗಡೆ ಮಾತ್ರ ಬಿಗಿ ಆಗ್ತಿದೆ, ಸ್ವಲ್ಪ ಬಿಡಿ" ಅಂದರು. ಯಾವತ್ತಿಂದ ಅಂತ ಕೇಳಿದೆ. ಈ ವರ್ಷದಿಂದ ಅಂದರು. ಹೊಲಿಗೆ ಬಿಚ್ಚಲ್ಲ, ಮೊದಲು ಡಾಕ್ಟರಿಗೆ ತೋರಿಸಿ ಬನ್ನಿ ಅಂತ ಬ್ಲೌಸು ಇಟ್ಟುಕೊಂಡೆ. ಸಿಟ್ಟು ಮಾಡಿಕೊಂಡೇ ಹೋದರು. ನೀರು ತುಂಬಿದ ಗುಳ್ಳೆ ಅಂತೆ, ಕ್ಯಾನ್ಸರ್ ಅಲ್ಲ. ಈಗ ಅವರೇ ತಮ್ಮ ಓರಗಿತ್ತಿಯರನ್ನೆಲ್ಲ ಕರ್ಕೊಂಡು ಹೋಗಿ ತೋರಿಸಿದ್ದಾರೆ. ಏನೂ ಇಲ್ಲ ಅಂತ ಬಂದವರ ಮಾತಿಗೆ ಬೆಲೆ ಜಾಸ್ತಿ. ನನ್ನನ್ನು ನೋಡಿದರೆ ಕೆಲವರಿಗೆ ಹೆದರಿಕೆಯೇ ಆಗುತ್ತೆ, ಅದೂ ನಿಜ.

ಎಂಬಿಕೆ ತಾಯಿ, ನಿಮ್ಮ ಊರಿನ ಹೆಂಗಸರ ಟೈಲರನ್ನು ಒಂದು ಮಾತು ಕೇಳಿ ನೋಡಿ.

ಉತ್ತರ: ಲೆಸ್ಟರ್ ಕನ್ನಡತಿ

ಇಂಗ್ಲೆಂಡಿನಿಂದ ಬರೀತಿದೀನಿ. ಇಲ್ಲಿ 50 ತುಂಬಿದ ಮೇಲೆ ಮನೆಗೇ ಪತ್ರ ಬರುತ್ತೆ. 71 ಆಗೋವರೆಗೆ ಮೂರು ವರ್ಷಕ್ಕೊಮ್ಮೆ. ದುಡ್ಡಿಲ್ಲ. ಚಿತ್ರ ತೆಗೆಯೋರೆಲ್ಲ ಹೆಂಗಸರೇ. ಕೆಲವು ಕಡೆ ದೊಡ್ಡ ವ್ಯಾನು ತಂದು ಸೂಪರ್ ಮಾರ್ಕೆಟ್ಟಿನ ಕಾರ್ ನಿಲ್ಲಿಸೋ ಜಾಗದಲ್ಲೇ ಇಟ್ಟಿರ್ತಾರೆ. ತರಕಾರಿ ತರೋಕೆ ಹೋದವರು ಮಾಡಿಸಿಕೊಂಡು ಬರಬಹುದು.

ಇಷ್ಟೆಲ್ಲ ಇದ್ದೂ ನಮ್ಮ ಕಡೆಯ ಹೆಂಗಸರು, ಅಂದರೆ ಭಾರತ, ಪಾಕಿಸ್ತಾನ, ಬಾಂಗ್ಲಾ ಕಡೆಯವರು, ಇಲ್ಲಿಯವರಿಗಿಂತ ಕಡಿಮೆ ಹೋಗ್ತಾರೆ ಅಂತ ಇಲ್ಲಿಯ ಅಧ್ಯಯನಗಳು ಹೇಳುತ್ತಲೇ ಬಂದಿವೆ. ನಮ್ಮತ್ತೆಯ ಪತ್ರ ಫ್ರಿಜ್ಜಿನ ಮೇಲೆ ಮ್ಯಾಗ್ನೆಟ್ ಹಾಕಿಕೊಂಡು ಬಹಳ ದಿನ ನೇತಾಡ್ತಿತ್ತು. ಅವರಿಗೆ ಇಂಗ್ಲಿಷ್ ಓದೋಕೆ ಬರಲ್ಲ. ನಾನು ಓದಿ ಹೇಳಿದರೆ, "ನಂಗೇನಾಗಿದೆ ಅಂತ ಕರೀತಾರೆ?" ಅಂತ ವಾದ. ಏನೂ ಆಗದೇ ಇರುವಾಗಲೇ ಕರೆಯೋದು ಅಂದರೆ ಅವರಿಗೆ ಅದು ಅಪಶಕುನ. ಕೊನೆಗೆ ದೇವಸ್ಥಾನದ ಭಜನೆ ಗುಂಪಿನ ಒಬ್ಬ ಗುಜರಾತಿ ಆಂಟಿ, "ನಾನೂ ಹೋಗ್ತಿದೀನಿ, ಬಾ" ಅಂದಿದ್ದಕ್ಕೆ ಹೊರಟರು. ಸೊಸೆ ಮಾತಿಗೆ ಹೊರಡಲಿಲ್ಲ, ಅದಿರಲಿ. ದುಡ್ಡು, ದೂರ, ಗಂಡಸು ಡಾಕ್ಟರ್ ಎಲ್ಲ ತೆಗೆದರೂ ಜೊತೆಗೆ ಬರೋರು ಒಬ್ಬರು ಬೇಕಾಗುತ್ತೆ ಅಂತ ಹೇಳೋಕೆ ಬರೆದೆ.

ಉತ್ತರ: ಒಕ್ಕೂಟದ ಎಂಬಿಕೆ, ಅರಸೀಕೆರೆ ಕಡೆ

ಎಲ್ಲರಿಗೂ ಥ್ಯಾಂಕ್ಸ್. ಟೈಲರಮ್ಮ, ನಿಮ್ಮ ಮಾತು ಓದಿದ ಮೇಲೆ "ನೆಪ" ಅಂತ ಬರೆದಿದ್ದನ್ನು ಇನ್ನು ಆಡಲ್ಲ.

ಮುಂದಿನ ಸಲ ಶಿಬಿರ ಅಂತ ಬೋರ್ಡೇ ಬೇಡ ಅನ್ಸುತ್ತಿದೆ. ಸಂಘದ ವಾರದ ಮೀಟಿಂಗು ಸಂಜೆ, ಹಾಲು ಹಾಕಿ ಬಂದ ಮೇಲೆ ನಡೆಯುತ್ತೆ. ಅವತ್ತೇ ನಮ್ಮ ಸಿಎಚ್‌ಒ ಮೇಡಂನ ಕರೆಸಿ, ಸಂಘದ ಪ್ರತಿನಿಧಿಯ ಮನೆಯ ಒಳಕೋಣೆಯಲ್ಲಿ ನೋಡಿಸಬಹುದು ಅಂತ ಮಾತಾಡಿಕೊಂಡಿದೀವಿ. ಹೆಂಗಸರು ಹೇಗೂ ಬಂದಿರ್ತಾರೆ, ಕೂಲಿ ಕಳೆಯಲ್ಲ, ಯಾಕೆ ಹೋದೆ ಅಂತ ಮನೇಲಿ ಕೇಳೋರಿಲ್ಲ. ಅತ್ತೆಯರ ಸಂಘದಿಂದಲೇ ಶುರು! ನಮ್ಮಲ್ಲಿ ಹಿರಿಯರದ್ದೇ ಒಂದು ಸಂಘ ಇದೆ, ಬಹಳ ಜೋರಿನವರು.

ಬಸ್ಸಿನ ಮಾತು ಯಾರೂ ಎತ್ತಲಿಲ್ಲ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಫ್ರೀ ಆಗಿದೆ. ಹಾಸನಕ್ಕೆ ಹೋಗೋಕೆ ಗಂಡನ ಹತ್ತಿರ ದುಡ್ಡು ಕೇಳೋದು ತಪ್ಪಿದೆ. ಕೇಳೋದು ತಪ್ಪಿದ್ದೇ ಎಷ್ಟೋ. ಆದರೆ ಒಂದು ದಿನ ಹೋದರೆ ಆ ದಿನದ ಕೂಲಿ ಹೋಗುತ್ತೆ, ಹಸು ಯಾರು ನೋಡ್ತಾರೆ ಅನ್ನೋದು ಹಾಗೇ ಇದೆ.

ಈಗ ಒಂದು ಅರ್ಜೆಂಟ್ ವಿಷಯ. ಈ ಪ್ರಶ್ನೆ ಇಲ್ಲಿ ಹಾಕಿದ್ದು ಗೊತ್ತಾಗಿ ನಮ್ಮ ಸಂಘದ ಒಬ್ಬರು ಬಂದು ನನ್ನ ಕೈಯನ್ನೇ ಹಿಡಿದು ಅಲ್ಲಿಟ್ಟರು. 44 ವರ್ಷ. ಗಟ್ಟಿಯಾಗಿದೆ, ಅಲ್ಲಾಡಲ್ಲ, ನೋವಿಲ್ಲ ಅಂತಾರೆ. ರಾಗಿ ಕುಯ್ಲು ಮುಗಿದ ಮೇಲೆ ಹೋಗ್ತೀನಿ ಅಂತ ಹಠ. ಸೂಜಿ ಚುಚ್ಚಿದರೆ, ಕತ್ತಿ ತಾಗಿದರೆ ಹರಡುತ್ತೆ ಅಂತ ಅವರ ಗಂಡನಿಗೆ ಯಾರೋ ತುಂಬಿದ್ದಾರೆ. ಏನು ಹೇಳಲಿ?

ಉತ್ತರ: ಸಬ್‌ಸೆಂಟರ್ ಸಿಎಚ್‌ಒ, ಹಾವೇರಿ ಜಿಲ್ಲೆ

ಅಕ್ಕಾರ, ಕುಯ್ಲಿಗೆ ಕಾಯಬೇಡಿ. ಈ ವಾರವೇ ಹೊರಡಿ. ಗಂಟು ಅಂದ ತಕ್ಷಣ ಕ್ಯಾನ್ಸರ್ ಅಲ್ಲ, ಹೆಚ್ಚಿನವು ಅಲ್ಲ. ಆದರೆ ಗಟ್ಟಿ, ಅಲ್ಲಾಡಲ್ಲ ಅಂದರೆ ನೋಡಿಸಲೇಬೇಕು. ಇದು ಇನ್ನು ತಪಾಸಣೆ ಶಿಬಿರದ ಕೆಲಸ ಅಲ್ಲ, ಆಸ್ಪತ್ರೆಯ ಕೆಲಸ. ನಿಮ್ಮ ಸಿಎಚ್‌ಒ ಹತ್ತಿರ ಇವತ್ತೇ ಚೀಟಿ ಬರೆಸಿ. ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಸರ್ಜರಿ ವಿಭಾಗಕ್ಕೆ ಹೋಗಿ. ಆಧಾರ್, ರೇಷನ್ ಕಾರ್ಡು ಒರಿಜಿನಲ್ಲೇ ಇರಲಿ, ಜೆರಾಕ್ಸ್ ಒಂದೆರಡು ಜಾಸ್ತಿ ಇಟ್ಟುಕೊಳ್ಳಿ.

ಗಂಡನ ಹತ್ತಿರ ನೀವೇ ಮಾತಾಡಿ, ಅವಳ ಕೈಲಿ ಹೇಳಿಸಬೇಡಿ. ಸೂಜಿಯಿಂದ ಹರಡಲ್ಲ. ಯಾವ ಗಂಟು ಅಂತ ಗೊತ್ತಾಗೋಕೆ ಸೂಜಿ ಪರೀಕ್ಷೆ ಬಿಟ್ಟು ಬೇರೆ ದಾರಿ ಇಲ್ಲ. ತಡ ಮಾಡಿದ್ದರಿಂದ ಹರಡಿದ್ದನ್ನೇ ಜನ ಸೂಜಿ ಮೇಲೆ, ಕತ್ತಿ ಮೇಲೆ ಹಾಕ್ತಾರೆ ಅಂತ ಹೇಳಿ. ಅವರನ್ನೂ ಜೊತೆಗೆ ಕರ್ಕೊಂಡು ಹೋಗಿ. ಡಾಕ್ಟರ ಬಾಯಿಂದ ತಾವೇ ಕೇಳಿಸಿಕೊಂಡ ಗಂಡಸು ಆಮೇಲೆ ಅಡ್ಡ ಬರೋದಿಲ್ಲ, ಇದು ನಾನು ಬಹಳ ಸಲ ನೋಡಿದ್ದು.

ಉತ್ತರ: ಒಕ್ಕೂಟದ ಎಂಬಿಕೆ, ಅರಸೀಕೆರೆ ಕಡೆ

ಒಪ್ಪಿಸಿದೆ. ಗಂಡನೂ ಬರ್ತಾರಂತೆ. ಹಾಲು ಕರೆಯೋದು, ಡೈರಿಗೆ ಹಾಕೋದು ಅವರ ನಾದಿನಿ ನೋಡ್ಕೋತಾರೆ. ನಾಡಿದ್ದು ಬೆಳಗ್ಗೆ ಮೊದಲ ಬಸ್ಸಿಗೆ ಹೊರಡ್ತೀವಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ಉತ್ತರ: ಎಕ್ಸ್‌ರೇ ವಿಭಾಗದವಳು, ಬೆಂಗಳೂರು

ಬೇಡ, ತಿಂಡಿ ತಿಂದೇ ಹೋಗಿ. ಸಾಲಿನಲ್ಲಿ ನಿಲ್ಲಬೇಕಾಗುತ್ತೆ. ಎದೆಗೆ, ಕಂಕುಳಿಗೆ ಪೌಡರ್, ಸೆಂಟು ಹಾಕಬೇಡಿ, ಫಿಲ್ಮಿನಲ್ಲಿ ಚುಕ್ಕೆ ಬರುತ್ತೆ. ನೈಟಿ, ಉದ್ದ ಗೌನು ಬೇಡ, ಸೀರೆ ಬ್ಲೌಸೇ ಸುಲಭ. ಹಿಂದೆ ಯಾವುದಾದರೂ ಸ್ಕ್ಯಾನಿಂಗ್ ರಿಪೋರ್ಟ್ ಇದ್ದರೆ ತಗೊಂಡು ಹೋಗಿ. ಒಂದು ಬ್ಲೌಸಿನ ಪಿನ್ನೂ ಇರಲಿ.